ಶ್ರೀರಂಗಪಟ್ಟಣಕ್ಕೆ ಮ್ಯಾಟ್ ವಾರ್ನಿಷ್

ಟಿಪ್ಪು ತನ್ನ ಕಾಲಾಳುಗಳಿಗೆ ಹುಲಿಪಟ್ಟೆಯ ಅಂಗಿ ಹೊಲಿಸಿದ್ದೇನೋ ಸರಿ. ಆ ಪಟ್ಟೆಗಳನ್ನು ಒಂದೊಂದಾಗಿ ಬ್ರಷ್ಷಿನಲ್ಲಿ ಬರೆಯುವ ಕೆಲಸವೂ ಅವನ ತಲೆಗೇ ಕಟ್ಟಿದ್ದರೆ ನಾಲ್ಕನೇ ಮೈಸೂರು ಯುದ್ಧಕ್ಕೆ ಅವನಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ. ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರೂ ಹೇಳಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ನನ್ನ ಸೈನಿಕ ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್. ನೆತ್ತಿಯವರೆಗೆ ಅಳೆಯುವಂತಿಲ್ಲ, ಅಲ್ಲಿ ರುಮಾಲು ಕೂತಿರುತ್ತದೆ. ಇಷ್ಟುದ್ದದ ಆಳಿನ ಎದೆಯ ಮೇಲೆ ನೇರಳೆ ಬಣ್ಣ, ಅದರ ಮೇಲೆ ಪಟ್ಟೆ, ಪಟ್ಟೆಯ ಅಂಚಿಗೆ ನೆರಳು.

ಗೊತ್ತಿಲ್ಲದವರಿಗೆ ಹೇಳಬೇಕು. ಮೇಜಿನ ಮೇಲೆ ಕೋಟೆ, ಹೊಳೆ, ತೋಪು ಜೋಡಿಸಿ, ಎರಡು ಪುಟಾಣಿ ಸೈನ್ಯ ನಿಲ್ಲಿಸಿ, ಟೇಪಿನಲ್ಲಿ ಅಳೆದು ಮುಂದಕ್ಕೆ ನಡೆಸಿ, ದಾಳ ಉರುಳಿಸಿ ಸತ್ತವರಾರು ಬದುಕಿದವರಾರು ಎಂದು ತೀರ್ಮಾನಿಸುವ ಆಟಕ್ಕೆ ವಾರ್‌ಗೇಮಿಂಗ್ ಎನ್ನುತ್ತಾರೆ. ‘ಟೈಮ್ ಮೆಷಿನ್’ ಬರೆದ ಎಚ್.ಜಿ. ವೆಲ್ಸ್ ಇದಕ್ಕೆ ನಿಯಮ ಕಟ್ಟಿ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ತಂದರು. ಅಷ್ಟು ದೊಡ್ಡ ಸಾಹಿತಿ ಆಟದ ಫಿರಂಗಿಯಿಂದ ಮರದ ಗುಂಡು ಹಾರಿಸುತ್ತ ನೆಲದ ಮೇಲೆ ತೆವಳಿದವರು ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ.

“ಅವರು ಆಡಿ ಪುಸ್ತಕ ಬರೆದ್ರು. ನೀವು?” ಎಂದಳು ಹೆಂಡತಿ.

ನಾನು ವಿಲಿಯಂ ಸೈಬೋರ್ನನನ್ನು ಮುಂದೆ ತಂದೆ. ಬ್ರಿಟಿಷ್ ಸೈನ್ಯದ ಅಧಿಕಾರಿ. ವಾಟರ್‌ಲೂ ಕದನದ ಮಾದರಿ ಮಾಡಲು ಆ ರಣಭೂಮಿಯ ತೋಟದ ಮನೆಯೊಂದರಲ್ಲೇ ತಿಂಗಳುಗಟ್ಟಲೆ ಬೀಡುಬಿಟ್ಟು ನೆಲ ಅಳೆದ. ಬದುಕಿ ಉಳಿದಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು ‘ಸಂಜೆ ಏಳಕ್ಕೆ ನೀವೆಲ್ಲಿ ನಿಂತಿದ್ದಿರಿ’ ಎಂದು ವಿಚಾರಿಸಿದ. 1838ರಲ್ಲಿ ಲಂಡನ್ನಿನಲ್ಲಿ ಜನ ದುಡ್ಡು ಕೊಟ್ಟು ನೋಡಿದ ಆ ಮಾದರಿಯಲ್ಲಿ 70 ಸಾವಿರಕ್ಕೂ ಹೆಚ್ಚು ಗೊಂಬೆಗಳಿದ್ದವು. ಅದು ಇಂದಿಗೂ ಅಲ್ಲಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅವನು ಸಾಲದಲ್ಲಿ ಮುಳುಗಿದ್ದನ್ನು ನಾನು ಬಾಯಿಬಿಡಲಿಲ್ಲ. ಮಗಳು ಫೋನಿನಲ್ಲಿ ಹುಡುಕಿ ಗಟ್ಟಿಯಾಗಿ ಓದಿ ಹೇಳಿದಳು.

“ಅವನ ಹೆಂಡತಿ ಪುಣ್ಯಾತ್ಗಿತ್ತಿ” ಎಂಬಲ್ಲಿಗೆ ಆ ಚರ್ಚೆ ಮುಗಿಯಿತು.

ನಮ್ಮ ಮನೆಯಲ್ಲಿ ಯುದ್ಧ ಇನ್ನೂ ಶುರುವಾಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಬಣ್ಣ ಹಚ್ಚದ ಸೈನ್ಯವನ್ನು ಮೇಜಿಗೆ ಇಳಿಸುವುದು ನಮ್ಮ ಪೈಕಿ ಮರ್ಯಾದೆಯಲ್ಲ. ಹೀಗಾಗಿ ನಾನು ವರ್ಷಗಳಿಂದ ಸೇನಾಪತಿ, ಒಂದು ದಾಳವನ್ನೂ ಉರುಳಿಸಿಲ್ಲ. ಬ್ರಿಟಿಷರ ಕಡೆ 33ನೇ ರೆಜಿಮೆಂಟನ್ನು ಆರಿಸಿಕೊಂಡಿದ್ದೇನೆ. ಮುಂದೆ ವಾಟರ್‌ಲೂ ಗೆದ್ದ ಆರ್ಥರ್ ವೆಲ್ಲೆಸ್ಲಿಯ ಸ್ವಂತ ರೆಜಿಮೆಂಟ್ ಅದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ವೆಲ್ಲೆಸ್ಲಿ ಹಿಂದೆ ಬಂದದ್ದು ಇವರ ಜೊತೆಯಲ್ಲೇ. ಆ ಘಟನೆಯ ಚಾರಿತ್ರಿಕ ಮಹತ್ವಕ್ಕಾಗಿಯೇ ಈ ಆಯ್ಕೆ ಎಂದು ಬಂದವರಿಗೆಲ್ಲ ಹೇಳುತ್ತೇನೆ. ನಿಜ ಏನೆಂದರೆ, 12ನೆಯವರ ಕಾಲರು, ಕಫ್ಫು ಹಳದಿ. 73ನೆಯವರದು ಕಡುಹಸಿರು. 33ನೆಯವರದು ಮಾತ್ರ ಕೋಟೂ ಕೆಂಪು, ಕಾಲರೂ ಕೆಂಪು. ಒಂದೇ ಡಬ್ಬಿಯಲ್ಲಿ ಮುಗಿಯುತ್ತದೆ.

ಬಣ್ಣದ ಕೆಲಸ ಊಟದ ಮೇಜಿನ ಒಂದು ಮೂಲೆಯಲ್ಲಿ ನಡೆಯುತ್ತದೆ. ಸೈನಿಕನನ್ನು ಕೈಯಲ್ಲಿ ಹಿಡಿಯಬಾರದು, ಬೆವರು ತಾಗಿ ಬಣ್ಣ ಏಳುತ್ತದೆ. ಅಮ್ಮನ ಬಿ.ಪಿ. ಮಾತ್ರೆ, ಕೆಮ್ಮಿನ ಔಷಧಿಗಳ ಮುಚ್ಚಳಗಳೆಲ್ಲ ನನ್ನ ಸಿಪಾಯಿಗಳ ಪೀಠಗಳಾಗಿವೆ. ಔಷಧಿ ಬಾಟಲಿಗಳು ಬಾಯಿಗೆ ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಗೂಡಿನಲ್ಲಿ ಕೂತಿವೆ. ಮೊದಲು ಬೂದು ಪ್ರೈಮರ್. ಆಮೇಲೆ ನೀರು ಬೆರೆಸಿದ ತೆಳು ಬಣ್ಣ, ಎರಡು ಕೋಟು. ಆಮೇಲೆ ಕಂದು ವಾಷ್. ಅದು ತಾನಾಗಿ ಹರಿದು ಅಂಗಿಯ ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿಯಬೇಕು. ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ನನ್ನ ಸೈನ್ಯದಲ್ಲಿ ಮೆಳ್ಳೆಗಣ್ಣಿನವರ ಸಂಖ್ಯೆಗೂ ನಮ್ಮ ಮನೆಯಲ್ಲಿ ಬೇಳೆ ಬೇಯುವ ಹೊತ್ತಿಗೂ ನೇರ ಸಂಬಂಧವಿದೆ.

ಬ್ರಷ್ಷಿನ ತುದಿ ಚೂಪಾಗಬೇಕಾದರೆ ತುಟಿಗೆ ತಾಗಿಸಿ ತಿರುವಬೇಕು. ಜಗತ್ತಿನ ಎಲ್ಲೆಡೆ ಈ ಕಸುಬಿನವರು ಮಾಡುವುದು ಅದನ್ನೇ. ಅಮ್ಮ ನೋಡಿಬಿಟ್ಟಳು.

“ಏನೋ ಅದು, ಬಾಯಿಗಿಟ್ಟು ಮತ್ತೆ ಅದೇ ನೀರಿಗೆ ಅದ್ದುತ್ತೀಯ! ಎಂಜಲು!”

“ಅಮ್ಮ, ಇದು ಬಣ್ಣದ ನೀರು.”

“ಲೋಟ ಯಾರದು?”

ಲೋಟ ಅವಳದೇ. ಇಷ್ಟು ಸಾಲದೆಂದು ನಾನು, ಶ್ರೇಷ್ಠ ಬ್ರಷ್ಷುಗಳನ್ನು ಸೈಬೀರಿಯಾದ ಕೊಲಿನ್‌ಸ್ಕಿ ಎಂಬ ಪ್ರಾಣಿಯ ಬಾಲದ ಕೂದಲಿನಿಂದ ಮಾಡುತ್ತಾರೆ, 1866ರಲ್ಲಿ ವಿಕ್ಟೋರಿಯಾ ರಾಣಿಗೆ ಅಂಥವನ್ನೇ ಮಾಡಿಕೊಟ್ಟಿದ್ದರು ಎಂದು ವಿವರಿಸಲು ಹೋದೆ. ಬಾಲ ಎಂಬ ಮಾತಿನ ಮುಂದೆ ಅಮ್ಮನಿಗೆ ಏನೂ ಕೇಳಿಸಲಿಲ್ಲ. ನನ್ನದು ಬರೀ ನೈಲಾನ್ ಎಂದು ದೇವರ ಮೇಲೆ ಆಣೆ ಇಡಬೇಕಾಯಿತು. ಬಾಲದ ವಿಷಯದಲ್ಲಿ ಕ್ಷಮೆ ಸಿಕ್ಕಿತು. ಲೋಟ ಮಾತ್ರ ಮತ್ತೆ ಅಡುಗೆಮನೆಗೆ ಕಾಲಿಟ್ಟಿಲ್ಲ.

ಸೈನಿಕರ ಕಾಲಡಿಯ ಮಣ್ಣಿಗೆ ನಾನು ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಬಳಸುತ್ತೇನೆ. ಫೆವಿಕಾಲ್ ಹಚ್ಚಿ ಉದುರಿಸಿದರೆ ಉತ್ತ ಹೊಲದ ಮಣ್ಣೇ ಸರಿ. ಚೆನ್ನಾಗಿ ಒಣಗಿಸಿರಬೇಕು, ಅಷ್ಟೇ. ಹಸಿ ಉಳಿದ ಕಡೆ ಬೂಷ್ಟು ಬಂತು. ಕಾವೇರಿ ದಂಡೆಯಲ್ಲಿ ಹುಲ್ಲು ಬೆಳೆದಿದೆ ಎಂದು ಅದನ್ನೂ ಬಿಟ್ಟುಕೊಂಡಿದ್ದೇನೆ.

ಇನ್ನು ವಾರ್ನಿಷ್. ಈ ಕಸುಬಿನಲ್ಲಿ ಗಂಡಸರನ್ನು ಅಳಿಸುವ ಘಟ್ಟ ಇದು. ಆಟದಲ್ಲಿ ಸೈನಿಕರು ಕೈಯಿಂದ ಕೈಗೆ ಹೋಗುತ್ತಾರೆ, ಮೂಗು, ಬಂದೂಕಿನ ತುದಿಯ ಬಣ್ಣ ಮೊದಲು ಏಳುತ್ತದೆ. ಅದಕ್ಕೆ ಗಟ್ಟಿಯಾದ ಗ್ಲಾಸ್ ವಾರ್ನಿಷ್ ಕವಚ. ಆದರೆ ಗ್ಲಾಸ್ ಮಿಂಚುತ್ತದೆ, ಯುದ್ಧಭೂಮಿಯಲ್ಲಿ ಉಣ್ಣೆ ಕೋಟು ಮಿಂಚುವುದುಂಟೆ? ಹಾಗಾಗಿ ಅದರ ಮೇಲೆ ಮ್ಯಾಟ್ ವಾರ್ನಿಷ್. ಅದರಲ್ಲಿರುವ ನಯವಾದ ಪುಡಿ ಬೆಳಕನ್ನು ಚದುರಿಸಿ ಮಿಂಚನ್ನು ಕೊಲ್ಲುತ್ತದೆ. ಹೆಂಡತಿಗೆ ಇದು ಅರ್ಥವೇ ಆಗಲಿಲ್ಲ. “ಮಿಂಚೋದಕ್ಕೆ ಒಂದ್ಸಲ ದುಡ್ಡು, ಮಿಂಚದೇ ಇರೋದಕ್ಕೆ ಇನ್ನೊಂದ್ಸಲ ದುಡ್ಡಾ?”

“ಅದೂ ಪರದೇಶದಿಂದ ತರಿಸ್ತಾರೆ” ಎಂದು ಮಗಳು ಒಗ್ಗರಣೆ ಹಾಕಿದಳು. “ಮೈಸೂರಲ್ಲೇ ವಾರ್ನಿಷ್ ಫ್ಯಾಕ್ಟರಿ ಇದೆಯಲ್ಲಪ್ಪಾ!” ಇದೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಶುರುವಾದದ್ದು, 1962ರಿಂದ ದೇಶದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಿರುವುದೂ ಅದೇ. ನನ್ನ ಎಡಗೈ ಬೆರಳಿನಲ್ಲಿ ಸದಾ ನೇರಳೆ ಕಲೆ ಕಂಡು ಹಾಲಿನವನು “ಯಾವ ಎಲೆಕ್ಷನ್ ಸಾರ್?” ಎಂದು ಕೇಳುವುದೂ ಉಂಟು.

ಮ್ಯಾಟ್ ವಾರ್ನಿಷ್ ಡಬ್ಬಿಯ ಮೇಲೆ, ಗಾಳಿಯಲ್ಲಿ ತೇವ ಇರುವಾಗ ಸಿಂಪಡಿಸಬೇಡಿ ಎಂದು ಬರೆದಿರುತ್ತದೆ. ನಮ್ಮ ನಾಡಿನ ತೇವದ ಮಹಿಮೆ ನನಗೆ ಗೊತ್ತಿಲ್ಲದ್ದೇನಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದಿದ್ದ, ಅರಕೆರೆಯಲ್ಲಿ ಗೆದ್ದೂ ಇದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂತಿರುಗಿದ. ಆ ಪಾಠ ಕಲಿತ ಕಂಪನಿಯವರು 1799ರಲ್ಲಿ, ಕಾವೇರಿ ತುಂಬುವ ಮೊದಲೇ, ಮೇ 4ಕ್ಕೆ ಕೋಟೆಗೆ ನುಗ್ಗಿ ಕೆಲಸ ಮುಗಿಸಿದರು. ಇಷ್ಟೆಲ್ಲವನ್ನೂ ಊಟದ ಹೊತ್ತಿನಲ್ಲಿ ಮನೆಮಂದಿಗೆ ಪಾಠ ಮಾಡಿ, ಕೈ ತೊಳೆದು, ಟೆರೇಸಿಗೆ ಹೋಗಿ 33ನೇ ರೆಜಿಮೆಂಟಿಗೆ ಮ್ಯಾಟ್ ಸಿಂಪಡಿಸಿದೆ. ಅದು ಜುಲೈ ತಿಂಗಳು. ಒಣಗಲು ಹಾಕಿದ ಬಟ್ಟೆ ಮೂರನೇ ದಿನಕ್ಕೂ ಹಸಿ ಇರುತ್ತಿದ್ದ ಕಾಲ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಇಡೀ ರೆಜಿಮೆಂಟು ಮೈತುಂಬ ವಿಭೂತಿ ಬಳಿದುಕೊಂಡಂತೆ ಬೆಳ್ಳಗೆ ನಿಂತಿದೆ. ಕೆಂಪು ಕೋಟು ಕಾಣದು, ಬಿಳಿ ಲೇಸು ಕಾಣದು, ಮೆಳ್ಳೆಗಣ್ಣೂ ಕಾಣದು. ಅಮ್ಮನಿಗೆ ಮಾತ್ರ ಅವರು ಮೊದಲ ಬಾರಿಗೆ ಹಿಡಿಸಿದರು. “ಈಗ ನೋಡು, ಎಷ್ಟು ಲಕ್ಷಣವಾಗಿದ್ದಾರೆ!”

“ಕಾರ್ನ್‌ವಾಲಿಸ್ ವಾಪಸ್ ಹೋದ ಅಂದ್ರಲ್ಲ, ಯಾವ ತಿಂಗಳು?” ಎಂದು ಹೆಂಡತಿ ಕೇಳಿದಳು. ತಿಂಗಳು ಅವಳಿಗೆ ಗೊತ್ತಿತ್ತು.

ಬಲ್ಲವರು ಇದಕ್ಕೆ ಎರಡು ಮದ್ದು ಹೇಳುತ್ತಾರೆ: ಮೇಲೆ ಮತ್ತೊಮ್ಮೆ ಗ್ಲಾಸ್ ಹೊಡೆಯುವುದು, ಇಲ್ಲವೇ ಒಂದು ತೊಟ್ಟು ಆಲಿವ್ ಎಣ್ಣೆ ಸವರುವುದು. ಒರಟಾದ ಪದರದ ಸಂದುಗಳಲ್ಲಿ ಎಣ್ಣೆ ತುಂಬಿಕೊಂಡರೆ ಬಿಳುಪು ಮಾಯವಾಗುತ್ತದಂತೆ. ಗ್ಲಾಸ್ ಮುಗಿದಿತ್ತು. ಆಲಿವ್ ಎಣ್ಣೆ ಮಗಳ ಡಯಟ್ಟಿನದು, ಮುಟ್ಟುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವೆಲ್ಲೆಸ್ಲಿಯ ಸೈನ್ಯವನ್ನು ಸಾಲಾಗಿ ಕೂರಿಸಿ ಅಭ್ಯಂಜನ ಮಾಡಿಸುವುದಕ್ಕೆ ನನ್ನ ಸೇನಾಪತಿತ್ವ ಒಪ್ಪಲಿಲ್ಲ. ರೆಜಿಮೆಂಟು ಶೂ ಡಬ್ಬಿ ಸೇರಿತು.

ನವರಾತ್ರಿಯಲ್ಲಿ ಹೆಂಡತಿ ಡಬ್ಬಿ ತೆಗೆದಳು. ಕೆಳಗಿನ ಮೆಟ್ಟಿಲು ಖಾಲಿ ಇತ್ತು. ಪಟ್ಟದ ಗೊಂಬೆಗಳು ಮೇಲೆ, ನಡುವೆ ಚನ್ನಪಟ್ಟಣದ ಬುಗುರಿ, ಬೊಂಬೆಗಳು. ಆ ಕುಶಲಕರ್ಮಿಗಳ ಮೇಲೆ ನನಗೆ ಹೊಟ್ಟೆಕಿಚ್ಚು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಕೇದಗೆ ಎಲೆಯಿಂದ ತಿಕ್ಕಿದರೆ ಹೊಳಪು. ಸ್ಪ್ರೇ ಡಬ್ಬಿಯೂ ಬೇಡ, ಡಬ್ಬಿಯ ಮೇಲಿನ ಎಚ್ಚರಿಕೆಯೂ ಬೇಡ. ಅವುಗಳ ಕೆಳಗೆ ಇಂಗ್ಲಿಷರೂ ಟಿಪ್ಪುವಿನವರೂ ಒಂದೇ ಸಾಲಿನಲ್ಲಿ, ಬಣ್ಣ ನೋಡಿ ಒಬ್ಬರ ಪಕ್ಕ ಒಬ್ಬರು.

ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆಯಾಕೆ ಬಗ್ಗಿ ನೋಡಿದರು. “ಬ್ಯಾಂಡ್‌ಸೆಟ್ಟಿನವರು ಚೆನ್ನಾಗಿದ್ದಾರೆ ಕಣ್ರೀ. ಯಾಕೆ ಹೀಗೆ ಬಿಳಿಚಿಕೊಂಡಿದ್ದಾರೆ?”

“ಮಳೇಲಿ ನೆಂದಿದ್ದಾರೆ” ಎಂದಳು ಹೆಂಡತಿ.

ಆಕೆಯ ಜೊತೆಗಿದ್ದ ಮೊಮ್ಮಗ ಅಷ್ಟರಲ್ಲಿ ಮೆಟ್ಟಿಲ ಮುಂದೆ ಕೂತು ಯುದ್ಧ ಶುರುಮಾಡಿದ್ದ. ನಿಯಮವಿಲ್ಲ, ದಾಳವಿಲ್ಲ. ಬಾಯಲ್ಲೇ ಢಂ ಢಂ. ಒಂದು ಕೈಯಲ್ಲಿ ಕೋಡುಬಳೆ, ಇನ್ನೊಂದು ಕೈಯಲ್ಲಿ ಗ್ರೆನೇಡಿಯರ್. ತಡೆಯಲೆಂದು ಹಾರಿಬಿದ್ದು ಹೋದವನು ಅಲ್ಲೇ ನಿಂತೆ. ಕೋಡುಬಳೆಯ ಎಣ್ಣೆ ಮೆತ್ತಿದ ಆ ಬೆರಳು ತಾಗಿದ ಕಡೆಯೆಲ್ಲ ಬಿಳುಪು ಹೋಗಿ ಕೆಂಪು ಕೋಟು ಎದ್ದು ಬರುತ್ತಿತ್ತು. ಕಾಲರು ಕಾಣಿಸಿತು. ಲೇಸು ಕಾಣಿಸಿತು.

ನಾನು ಅವನ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತೆ.

“ಮರಿ, ಆ ಕಡೆ ಐದಾರು ಜನ ಇದ್ದಾರಲ್ಲ, ಅವರನ್ನೂ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಂಡು ಆಡು. ಬೆನ್ನ ಕಡೆಗೂ. ಇನ್ನೊಂದು ಕೋಡುಬಳೆ ಬೇಕಾ?”