"ಮಾವ, ಇಲ್ಲೊಂದ್ಸಲ ನಿಲ್ಲಿಸಿ"

ಮಾನವ ಭೂಗೋಳಶಾಸ್ತ್ರ ಓದುವವರು ಯಾರಾದರೂ ನಿಮ್ಮ ಮನೆಯಲ್ಲಿ ಬಂದು ಇದ್ದಾರೆಯೇ? ಇಲ್ಲವಾದರೆ ನೀವು ಪುಣ್ಯವಂತರು. ಹಳೆಯ ಕಾಲದ ಭೂಗೋಳದವರಿಂದ ಯಾರಿಗೂ ತೊಂದರೆ ಇರಲಿಲ್ಲ. ಬೆಟ್ಟ, ನದಿ, ಮುಂಗಾರು ಮಾರುತ ಎಂದುಕೊಂಡು ಮನುಷ್ಯರ ತಂಟೆಗೆ ಬಾರದೆ ಇದ್ದುಬಿಡುತ್ತಿದ್ದರು. ನಮ್ಮ ಹೈಸ್ಕೂಲಿನ ಮೇಷ್ಟ್ರು ತುಂಗಭದ್ರೆಗೆ ನೀಲಿ ಪೆನ್ಸಿಲ್ ಎಳೆಸಿ, ಬಳ್ಳಾರಿಯಲ್ಲಿ ಕಬ್ಬಿಣದ ಅದಿರು ಎಂದು ಬರೆಸಿ, ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದರು. ಈಗಿನವರಿಗೆ ಅದಿರು ಬೇಡ. ನೀವು ಹಾಲು ತರಲು ಯಾವ ದಾರಿಯಲ್ಲಿ ಹೋಗುತ್ತೀರಿ, ಯಾಕೆ ಅದೇ ದಾರಿ, ಇನ್ನೊಂದು ದಾರಿಯಲ್ಲಿ ಹೋದರೆ ಮನಸ್ಸಿಗೆ ಏನನ್ನಿಸುತ್ತದೆ, ಇದು ಬೇಕು. ಏನೂ ಅನ್ನಿಸುವುದಿಲ್ಲ ಎಂದರೆ ಅದನ್ನೂ ಬರೆದುಕೊಳ್ಳುತ್ತಾರೆ.

ಇವರನ್ನು ಗುರುತಿಸುವುದು ಸುಲಭ. ಶೂಗೆ ಮಣ್ಣು ಮೆತ್ತಿರುತ್ತದೆ. ಹೆಗಲಲ್ಲಿ ಚೀಲ, ಚೀಲದಲ್ಲಿ ಪುಟ್ಟ ನೋಟ್‌ಬುಕ್ಕು, ಒಂದೂ ಸರಿಯಾಗಿ ಬರೆಯದ ಮೂರು ಪೆನ್ನು, ಕಪ್ಪಾದ ಬಾಳೆಹಣ್ಣು. ಹಾಲ್‌ನಲ್ಲಿ ಸೋಫಾ ಖಾಲಿ ಇದ್ದರೂ ಅಡುಗೆಮನೆಗೇ ಬಂದು ಕೂರುತ್ತಾರೆ; ನಿಜವಾದ ಮಾತು ಅಲ್ಲೇ ಹುಟ್ಟುವುದಂತೆ. ಗಂಡಹೆಂಡಿರಿಗೆ ಮಾತಿಗೆ ಮಾತು ಬೆಳೆದರೆ ಬೇರೆ ನೆಂಟರು ಫೋನ್ ಬಂದವರಂತೆ ಎದ್ದು ಹೋಗುತ್ತಾರೆ. ಇವರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಯಾವುದಕ್ಕೂ ಸರಿ ಎನ್ನುವುದಿಲ್ಲ, ತಪ್ಪು ಎನ್ನುವುದಿಲ್ಲ. "ಇಂಟರೆಸ್ಟಿಂಗ್" ಎನ್ನುತ್ತಾರೆ.

ನಮ್ಮ ಪಾಲಿಗೆ ಬಂದವಳು ನನ್ನ ತಂಗಿಯ ಮಗಳು. ಮಾನಸಗಂಗೋತ್ರಿಯಲ್ಲಿ ಭೂಗೋಳದ ಎಂ.ಎಸ್ಸಿ. ಮುಗಿಸಿ, ನಾವಿರುವ ಅಮೆರಿಕದ ನ್ಯೂಜೆರ್ಸಿಗೆ, ಇಲ್ಲಿಯ ಒಂದು ವಿಶ್ವವಿದ್ಯಾಲಯಕ್ಕೆ, ಪಿಎಚ್.ಡಿ. ಮಾಡಲು ಬಂದಳು. ಮೈಸೂರಿನಲ್ಲಿದ್ದಾಗ ಹಳ್ಳಿಗಳಿಗೆ ಸರ್ವೆಗೆ ಹೋದರೆ ಜನ ಸುತ್ತ ನೆರೆದು, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಸೊಸೆಯ ಹೆಸರು ಸೇರಿಸಿ, ಚರಂಡಿ ಬಳಿಸಿ ಎಂದು ಕೇಳುತ್ತಿದ್ದರಂತೆ. ಸರ್ವೆ ಎಂದರೆ ಸರಕಾರ ಎಂಬುದು ನಮ್ಮ ಜನರ ನಂಬಿಕೆ. ಇಲ್ಲಿ ಅವಳು ಹಿಡಿದ ವಿಷಯ ಬೇರೆ: ಮಕ್ಕಳ ಮನೆಗೆ ವೀಸಾದಲ್ಲಿ ಆರು ತಿಂಗಳಿಗೆಂದು ಬರುವ ತಂದೆತಾಯಿಯರು ದಿನವೂ ಎಲ್ಲೆಲ್ಲಿ ನಡೆಯುತ್ತಾರೆ?

"ಇದಕ್ಕೆ ಪಿಎಚ್.ಡಿ. ಕೊಡ್ತಾರೇನೇ?" ಎಂದೆ.

"ಕೊಡ್ತಾರೆ ಮಾವ. ಐದು ವರ್ಷ ಆಗುತ್ತೆ."

"ಅಷ್ಟು ಹೊತ್ತು ಅವರು ನಡೀಬೇಕಾ?"

"ಇಂಟರೆಸ್ಟಿಂಗ್" ಎಂದು ಬರೆದುಕೊಂಡಳು.

ಬಂದ ಹೊಸತರಲ್ಲೇ ನನ್ನ ವಿಳಾಸಕ್ಕೆ ಕೈ ಹಾಕಿದಳು. ನಾನು ಮಾನ್ಮತ್ ಜಂಕ್ಷನ್ನಿನವನು ಎಂದು ವರ್ಷಗಳಿಂದ ಹೇಳಿಕೊಂಡು ಬಂದವನು. ಅವಳು ನಕ್ಷೆ ಹರಡಿ, "ಮಾವ, ಅದು ನಿಮ್ಮ ಪೋಸ್ಟಾಫೀಸು. ನಿಮ್ಮ ಊರು ಸೌತ್ ಬ್ರನ್ಸ್‌ವಿಕ್ ಟೌನ್‌ಶಿಪ್ಪು. ಕೌಂಟಿ ಮಾನ್ಮತ್ ಅಲ್ಲ, ಮಿಡ್ಲ್‌ಸೆಕ್ಸ್. ಜಂಕ್ಷನ್ ಅಂತೀರಲ್ಲ, ಇಲ್ಲಿ ಒಂದು ರೈಲೂ ನಿಲ್ಲಲ್ಲ" ಎಂದಳು. ಒಂದೇ ಉಸಿರಿನಲ್ಲಿ ನನ್ನ ಊರು, ಜಿಲ್ಲೆ, ನಿಲ್ದಾಣ ಮೂರೂ ಹೋದವು. ಮಾತು ನಿಜ. ನ್ಯೂಯಾರ್ಕಿಗೆ ಹೋಗಬೇಕಾದರೆ ನಾವು ಪ್ರಿನ್ಸ್‌ಟನ್ ಜಂಕ್ಷನ್ನಿಗೋ ನ್ಯೂ ಬ್ರನ್ಸ್‌ವಿಕ್ಕಿನ ಕಡೆಗೋ ಕಾರಿನಲ್ಲಿ ಹೋಗಿ ರೈಲು ಹಿಡಿಯುತ್ತೇವೆ. ಆ ರೈಲು ನಮ್ಮೂರಿನ ಮೂಲಕವೇ ಹಾದು ಹೋಗುತ್ತದೆ.

ಇಂಥವರನ್ನು ಕಾರಿನಲ್ಲಿ ಕೂರಿಸಿಕೊಳ್ಳಬಾರದು. ಕರಿಬೇವು ತರಲು ಹೊರಟಿದ್ದೆವು. ಹತ್ತು ನಿಮಿಷದ ಕೆಲಸವೆಂದು ನಾನು ಮನೆಯಲ್ಲಿ ಹಾಕಿಕೊಂಡಿದ್ದ ಪೈಜಾಮದ ಮೇಲೆಯೇ ಜಾಕೆಟ್ ಏರಿಸಿದ್ದೆ. ರಿಜ್ ರೋಡಿನಲ್ಲಿ ರೈಲು ಹಳಿಯ ಸಮೀಪಕ್ಕೆ ಬಂದಾಗ ಪಕ್ಕದಿಂದ ಆ ಮಾತು ಬಂತು: "ಮಾವ, ಇಲ್ಲೊಂದ್ಸಲ ನಿಲ್ಲಿಸಿ."

ಆ ಒಂದ್ಸಲಕ್ಕೆ ಕೊನೆಯಿಲ್ಲ ಎಂಬುದು ನನಗೆ ಗೊತ್ತಿತ್ತು. ನಿಧಾನವಾಗಿ ಓಡಿಸಿದರೆ ನಿಲ್ಲಿಸಿ ಎನ್ನುತ್ತಾಳೆ, ಬೇಗ ಓಡಿಸಿದರೆ ಬರ್ಕ್ಲಿಯ ಕಾರ್ಲ್ ಸಾವರ್ ಎಂಬ ಹಿರಿಯರ ಹೆಸರೆತ್ತುತ್ತಾಳೆ. ಭೂಗೋಳದವರ ಪ್ರಯಾಣ ನಿಧಾನವಾದಷ್ಟೂ ಒಳ್ಳೆಯದು ಎಂದು ಅವರು 1956ರಲ್ಲಿ ಬುದ್ಧಿ ಹೇಳಿದ್ದರಂತೆ. ಅವರ ಹಿಂದೆ ಹಾರ್ನ್ ಹೊಡೆಯುವ ಟ್ರಕ್ ಇದ್ದಿರಲಾರದು.

ಇಳಿದಳು. ಪೆನ್ಸಿಲ್ವೇನಿಯಾ ರೈಲ್ರೋಡಿನ ಮುಖ್ಯ ಮಾರ್ಗದಿಂದ ಒಂದು ಕವಲು ಜೇಮ್ಸ್‌ಬರ್ಗಿನ ಮೇಲೆ ಫ್ರೀಹೋಲ್ಡಿಗೂ ಇನ್ನೊಂದು ರಾಕಿ ಹಿಲ್ಲಿಗೂ ಹೋಗುತ್ತಿದ್ದ ಜಾಗ ಇದು ಎಂದು ಪಾಠ ಶುರುವಾಯಿತು. ಫ್ರೀಹೋಲ್ಡ್ ಇರುವುದು ಮಾನ್ಮತ್ ಕೌಂಟಿಯಲ್ಲಿ. ಅಲ್ಲಿಗೆ ಹೋಗುವ ಗಾಡಿಯ ಜಂಕ್ಷನ್ ಎಂದು ನಮಗೆ ಆ ಹೆಸರು ಬಂದಿರಬೇಕು. ಸುತ್ತಮುತ್ತ ಆಲೂಗಡ್ಡೆಯ ಹೊಲಗಳಿದ್ದ ಸೀಮೆ. ಈಗ ಟರ್ನ್‌ಪೈಕಿನ 8ಎ ಎಕ್ಸಿಟ್ಟಿನ ಕಡೆ ಬರೀ ಗೋದಾಮು, ರೂಟ್ ಒಂದರ ಕಡೆ ನಮ್ಮಂಥವರ ಮನೆ. "ಹಳಿಯಿಂದ ಹುಟ್ಟಿದ ಊರು ಹಳಿಗೇ ಬೆನ್ನು ತಿರುಗಿಸಿ ಕೂತಿದೆ ನೋಡಿ ಮಾವ" ಎಂದಳು. ಮಾತು ಚೆನ್ನಾಗಿತ್ತು. ಆದರೆ ಚಳಿ.

ಫೋಟೋ ಶುರುವಾಯಿತು. "ಮಾವ, ಆ ಕಂಬದ ಪಕ್ಕ ನಿಂತ್ಕೊಳಿ." ಪರವಾಗಿಲ್ಲ, ಮಾವನದೊಂದು ಫೋಟೋ ತೆಗೆಯಬೇಕೆನ್ನಿಸಿದೆ ಎಂದು ತಲೆಗೂದಲು ಸರಿಮಾಡಿಕೊಂಡೆ. "ಮುಖ ಆ ಕಡೆ ಮಾಡಿ. ಅಳತೆಗೆ ಒಬ್ಬ ಮನುಷ್ಯ ಬೇಕು ಅಷ್ಟೆ. ನಿಮ್ಮ ಎತ್ತರ ಎಷ್ಟು?" ಐದೂವರೆ ಅಡಿ ಎಂದೆ. ಬರೆದುಕೊಂಡಳು. ಅಗಲ ಕೇಳಲಿಲ್ಲ.

ಅಷ್ಟರಲ್ಲಿ ಪೊಲೀಸ್ ಕಾರು ಬಂದು ನಿಂತಿತು. ಗಂಟೆಗೆ ನೂರು ಮೈಲಿಗೂ ಮೀರಿ ಆಮ್‌ಟ್ರಾಕ್ ಓಡುವ ಹಳಿ, ಅದರ ಸಮೀಪ ನೋಟ್‌ಬುಕ್ಕು ಹಿಡಿದ ಹುಡುಗಿ, ಪೈಜಾಮ ತೊಟ್ಟ ಗಡ್ಡದ ಮನುಷ್ಯ. ಪೊಲೀಸಪ್ಪನ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆ. ಈ ದೇಶದ ಪ್ರಜೆಯಾಗಿ ಎಷ್ಟೋ ವರ್ಷವಾದರೂ ಪೊಲೀಸರನ್ನು ಕಂಡೊಡನೆ ನನ್ನ ಬಾಯಲ್ಲಿ ಮೊದಲು ವೀಸಾದ ಕಥೆಯೇ ಬರುತ್ತದೆ. ಇವಳಿಗೆ ಆ ಅಂಜಿಕೆ ಇಲ್ಲ. ನಗುನಗುತ್ತಾ ಹೋಗಿ ಐಡಿ ತೋರಿಸಿದಳು. ಅವನು ಏನೋ ಕೇಳಿದ, ಇವಳು ಏನೋ ಹೇಳಿದಳು. ನೋಡುತ್ತೇನೆ, ಅವನು ಕೈ ಎತ್ತಿ ಅಲ್ಲಿ ಸ್ಟೇಷನ್ ಇತ್ತಂತೆ, ನಮ್ಮ ತಾತ ಹೇಳುತ್ತಿದ್ದ ಎಂದು ತೋರಿಸುತ್ತಿದ್ದಾನೆ. ಇವಳು ಚೀಲದಿಂದ ಒಪ್ಪಿಗೆ ಪತ್ರ ತೆಗೆದು, ರುಜು ಹಾಕಿ ಎಂದು ಅವನ ಮುಂದೆ ಹಿಡಿದಳು. ವಿಚಾರಣೆಗೆ ಬಂದವನು ಅದನ್ನು ಕಂಡು ಸರಕ್ಕನೆ ಕಾರು ಹತ್ತಿದ. ನಾವು ಅಂಗಡಿ ಮುಟ್ಟುವ ಹೊತ್ತಿಗೆ ಕರಿಬೇವು ಮುಗಿದುಹೋಗಿತ್ತು.

ಆ ಒಪ್ಪಿಗೆ ಪತ್ರದ ಬಗ್ಗೆ ಹೇಳಬೇಕು. ಎರಡು ಪುಟ. ನನ್ನ ಹೆಂಡತಿ, "ಅತ್ತೆ ಜೊತೆ ನಾಲ್ಕು ಮಾತಾಡೋಕೂ ರುಜುನಾ ಪುಟ್ಟಿ?" ಎಂದು ಮುನಿಸಿಕೊಂಡಳು. ಆಗ ಹುಡುಗಿ ಈ ದೇಶದ ಟಸ್ಕಿಗೀ ಎಂಬ ಊರಿನ ಕಥೆ ಹೇಳಿದಳು. ಕಾಯಿಲೆಗೆ ಮದ್ದಿದ್ದರೂ ಕೊಡದೆ, ಬಡ ಕರಿಯರ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದ್ದು 1972ರಲ್ಲಿ ಬಯಲಾಯಿತು. 1974ರಲ್ಲಿ ಕಾನೂನು ಬಂತು. ಅಂದಿನಿಂದ ಮನುಷ್ಯರನ್ನು ಕುರಿತ ಅಧ್ಯಯನಕ್ಕೆಲ್ಲ ಇಂಥ ಕಟ್ಟುಪಾಡು. ಹೆಂಡತಿ ಮಾತಾಡದೆ ರುಜು ಹಾಕಿದಳು. ಬೀದಿಯ ಹಿರಿಯರದು ಬೇರೆಯೇ ಕಥೆ. ರುಜು ಎಂದ ಕೂಡಲೇ ಅವರಿಗೆ ಸಬ್‌ರಿಜಿಸ್ಟ್ರಾರ್ ಕಚೇರಿ ನೆನಪಾಗುತ್ತದೆ. ಹಾಸನದ ಕಡೆಯ ಯಜಮಾನರೊಬ್ಬರು ಪತ್ರವನ್ನು ಮೂರು ಸಲ ಓದಿ, ಮಗ ಆಫೀಸಿನಿಂದ ಬರಲಿ ಎಂದು ಜೇಬಿಗಿಟ್ಟುಕೊಂಡರು. ರುಜು ಹಾಕಿದ ಹೆಂಗಸರು ಸುಮ್ಮನಿರುತ್ತಾರೆಯೇ? ಯಾವ ಊರು, ಯಾವ ಪೈಕಿ, ಮದುವೆ ಯಾಕೆ ಆಗಿಲ್ಲ, ಒಬ್ಬಳೇ ಹೇಗೆ ಇರುತ್ತೀ ಎಂದು ಅವರೇ ಸಂದರ್ಶನ ಮಾಡುತ್ತಾರೆ. ರೆಕಾರ್ಡು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಇವಳದೇ ಉತ್ತರ.

ಇನ್ನು ಎಂ. ಎನ್. ಶ್ರೀನಿವಾಸರ ಕಾಟ. ಮೈಸೂರಿನ ಈ ದೊಡ್ಡ ಸಮಾಜಶಾಸ್ತ್ರಜ್ಞರು 1948ರಲ್ಲಿ ಕೊಡಗಹಳ್ಳಿಯಲ್ಲಿ ಕೂತು ಕ್ಷೇತ್ರಕಾರ್ಯ ಮಾಡಿದರು. ಆ ಟಿಪ್ಪಣಿಗಳನ್ನು ಒಪ್ಪ ಮಾಡಿಟ್ಟಿದ್ದ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು, ಜಗತ್ಪ್ರಸಿದ್ಧವಾಯಿತು. ಇದರಿಂದ ಧೈರ್ಯ ತಂದುಕೊಳ್ಳಬೇಕಾದವಳು ಹೆದರಿಕೆ ತಂದುಕೊಂಡಳು. ಪೆನ್‌ಡ್ರೈವುಗಳನ್ನು ಬೇರೆ ಬೇರೆ ಕಡೆ ಬಚ್ಚಿಡುತ್ತಾಳೆ. ಒಂದು ನನ್ನ ಹೆಂಡತಿಯ ಸಾರಿನಪುಡಿ ಡಬ್ಬಿಯಿಂದ ಸೌಟಿಗೆ ಬಂತು. ಅದರಲ್ಲಿ ಚಪ್ಪಲಿಗಳ ಲೆಕ್ಕವಿತ್ತು. ಇಲ್ಲಿಯ ನಮ್ಮ ಮನೆಗಳಲ್ಲಿ ಮುಂಬಾಗಿಲಿಗೆ ತೋರಣ, ರಂಗೋಲಿ ಸ್ಟಿಕ್ಕರು, ಗಣಪತಿ ಎಲ್ಲ ಇದೆ. ಓಡಾಟ ಮಾತ್ರ ಗ್ಯಾರೇಜಿನ ಬಾಗಿಲಲ್ಲಿ, ಚಪ್ಪಲಿಯ ರಾಶಿಯೂ ಅಲ್ಲೇ. ಲಕ್ಷ್ಮಿ ಮುಂಬಾಗಿಲಿಗೆ ಬಂದು ಬೆಲ್ ಒತ್ತಿದರೆ ನಮಗೆ ಕೇಳಿಸುವುದೇ ಅನುಮಾನ.

ನಕ್ಷೆ ಬರೆಸುವ ಕೆಲಸ ಮಾತ್ರ ನನ್ನನ್ನೂ ಸುಮ್ಮನಾಗಿಸಿತು. ಕೆವಿನ್ ಲಿಂಚ್ ಎಂಬಾತ ಊರಿನ ಜನರಿಂದ ಅವರವರ ನೆನಪಿನ ನಕ್ಷೆ ಬರೆಸಿ 1960ರಲ್ಲಿ ಪುಸ್ತಕ ಮಾಡಿದ. ಅವನು ನೋಡಿದ ಮೂರು ಊರುಗಳಲ್ಲಿ ಒಂದು ನಮ್ಮ ಜೆರ್ಸಿ ಸಿಟಿ. ಅಲ್ಲಿಯ ಜನಕ್ಕೆ ತಮ್ಮ ಊರನ್ನು ಬರೆಯುವುದೇ ಕಷ್ಟವಾಯಿತಂತೆ. ಎದ್ದು ಕಾಣುವುದು ಯಾವುದು ಎಂದರೆ ಹೊಳೆಯಾಚೆಯ ನ್ಯೂಯಾರ್ಕನ್ನು ಹೇಳಿದರಂತೆ. ಇವಳು ಅದೇ ಪ್ರಯೋಗವನ್ನು ನಮ್ಮ ಮನೆಗೆ ಬಂದಿದ್ದ ನನ್ನ ಅತ್ತೆಯವರ ಮೇಲೆ ಮಾಡಿದಳು. ನನಗೆ ಚಿತ್ರ ಬರಲ್ಲ ಕಣವ್ವ ಎನ್ನುತ್ತಲೇ ಅವರು ಸ್ಕೆಚ್ ಪೆನ್ನು ಹಿಡಿದರು. ಮನೆ, ಟಪಾಲಿನ ಡಬ್ಬಗಳು, ತುಳಸಿ ಗಿಡ ಕೊಟ್ಟ ಗುಜರಾತಿಯವರ ಮನೆ, ನಾಯಿ ಇರುವ ತಿರುವು, ಬಾತುಕೋಳಿಯ ಕೆರೆ. ಅಲ್ಲಿಗೆ ಫುಟ್‌ಪಾತ್ ನಿಂತುಹೋಗುತ್ತದೆ, ನಕ್ಷೆಯೂ ನಿಂತಿತು. ಮುಂದೆ ರೂಟ್ ಒಂದು: ಅಡ್ಡಕ್ಕೆ ಒಂದು ದಪ್ಪ ಗೆರೆ, ಮೇಲೆ "ಕಾರು" ಎಂದು ಬರೆದರು. ಗೆರೆಯಾಚೆ ದಾರಿಯೇ ಇಲ್ಲದೆ ಎಡಿಸನ್ನಿನ ಕೃಷ್ಣ, ಬ್ರಿಜ್‌ವಾಟರಿನ ವೆಂಕಟೇಶ್ವರ ಅಕ್ಕಪಕ್ಕದ ಮನೆಯವರಾಗಿ ನಿಂತರು. ಹಿಂದಿನ ಸೀಟಿನಲ್ಲಿ ಕೂತು ಹೋಗುವವರಿಗೆ ದಾರಿ ಎಲ್ಲಿಂದ ತಿಳಿಯಬೇಕು? ಮೇಲಿನ ಮೂಲೆಯಲ್ಲಿ ವಿಮಾನ. ಅದಕ್ಕೆ ಮಾತ್ರ ಮನೆಯಿಂದ ನೇರ ರಸ್ತೆ ಹಾಕಿದರು.

ಕೆರೆಯ ಹತ್ತಿರ ಒಂದು ಹಸಿರು ಚೌಕವೂ ಇತ್ತು. ಅದೇನು ಎಂದೆ. "ಕೂತ್ಕೊಳೋ ಕಟ್ಟೆ" ಎಂದರು. ಬೇರೆ ಮನೆಗಳ ಹಿರಿಯರು ಬರೆದ ನಕ್ಷೆಗಳಲ್ಲೂ ಆ ಹಸಿರು ಚೌಕ ಸಿಕ್ಕಿತು. ಹುಡುಗಿ ಹೋಗಿ ನೋಡಿದರೆ ಅದು ಕರೆಂಟಿನ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಅಪಾಯ, ಹೈ ವೋಲ್ಟೇಜ್ ಎಂದು ಬರೆದ ಹಳದಿ ಚೀಟಿಗೆ ಬೆನ್ನು ಕೊಟ್ಟು, ಸ್ವೆಟರ್ ತೊಟ್ಟ ನಮ್ಮ ತಾಯಂದಿರು ಸಾಯಂಕಾಲ ಅಲ್ಲೇ ಕೂತು ಹುರುಳಿಕಾಳಿನ ಸಾರಿನ ವಿಚಾರ ಮಾತಾಡುತ್ತಾರೆ. ಇಷ್ಟು ದೊಡ್ಡ ಮನೆ ಕಟ್ಟಿಸಿ, ಎರಡು ಕಾರು ನಿಲ್ಲಲು ಜಾಗ ಮಾಡಿಸಿದ ನಾವು ಯಾರೂ, ನಡೆದು ದಣಿದವರು ಎಲ್ಲಿ ಕೂರುತ್ತಾರೆ ಎಂದು ಕೇಳಿರಲಿಲ್ಲ. ಕೇಳಲು ಮೈಸೂರಿನಿಂದ ಒಬ್ಬಳು ಸ್ಕಾಲರ್‌ಶಿಪ್ಪಿನ ಮೇಲೆ ಬರಬೇಕಾಯಿತು. ಹಾಗೆಂದು ಅವಳ ಮೇಲಿನ ಸಿಟ್ಟು ಇಳಿದಿದೆ ಎಂದಲ್ಲ. ನಿನ್ನೆ ನಾನು ಬಾತ್‌ರೂಮಿಗೆ ಪೇಪರ್ ತೆಗೆದುಕೊಂಡು ಹೋಗುವುದನ್ನೂ ಬರೆದುಕೊಂಡಿದ್ದಾಳೆ.

ಕೆರೆಯ ಹತ್ತಿರ ಎರಡು ಬೆಂಚು ಹಾಕಿಸಿ ಎಂದು ನಮ್ಮ ಬಡಾವಣೆಯ ಅಸೋಸಿಯೇಷನ್ನಿಗೆ ಅರ್ಜಿ ಕೊಟ್ಟಿದ್ದೇನೆ. ಮುಂದಿನ ಮೀಟಿಂಗಿಗೆ ಬರುತ್ತದೆ. ಮಾನ್ಮತ್ ಜಂಕ್ಷನ್, ಕೆಂಡಾಲ್ ಪಾರ್ಕ್, ಡೇಟನ್ ಕಡೆಯ ಕನ್ನಡದವರು ತಮ್ಮ ತಮ್ಮ ಅಸೋಸಿಯೇಷನ್ನಿನಲ್ಲೂ ಇದನ್ನು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಈ ಹುಡುಗಿಯ ಜೊತೆ ಒಂದು ಸುತ್ತು ನಡೆಯಲು ಕಳಿಸಿಕೊಡಿ, ಅವಳಿಗೆ ಇನ್ನೂ ಜನ ಬೇಕಂತೆ. ಪತ್ರ ಎರಡೇ ಪುಟ. ರುಜು ಹಾಕಿದರೆ ಆಸ್ತಿ ಹೋಗುವುದಿಲ್ಲ, ನಾನೂ ಹಾಕಿದ್ದೇನೆ.