ಕಟ್ಟಿಗೆ ಪಂಡಿತರು

ಮಲೆನಾಡಿನ ಅಡಿಕೆ ತೋಟದ ಮನೆಗಳ ಸುತ್ತ ಮಳೆಗಾಲಕ್ಕೆ ಮುಂಚೆ ಸದ್ದು ಮಾಡುವ ಜೀವಿಗಳಲ್ಲಿ ಜೀರುಂಡೆಯದು ಮೊದಲ ಸ್ಥಾನವಾದರೆ, ಎರಡನೆಯದು ನಿಸ್ಸಂಶಯವಾಗಿ ಕಟ್ಟಿಗೆ ಪಂಡಿತರದು. ಕಟ್ಟಿಗೆ ಪಂಡಿತರೆಂದರೆ ಕಟ್ಟಿಗೆ ಒಡೆಯುವವರಲ್ಲ. ಸಿಡಿದ ಚಕ್ಕೆ ತಲುಪಲಾರದ ಜಾಗವನ್ನು ಕರಾರುವಾಕ್ಕಾಗಿ ಗುರುತಿಸಿ, ಅಲ್ಲಿ ಮತ್ತಿ ಮರದ ಹಳೆಯ ತುಂಡೊಂದನ್ನು ಪೀಠವಾಗಿಸಿಕೊಂಡು, ಬಾಯಲ್ಲಿ ಕವಳ, ಹೆಗಲ ಮೇಲೆ ಪಂಜೆ ಸಮೇತ ಕೂತು, ಒಡೆಯುತ್ತಿರುವವನ ಪ್ರತಿ ಏಟಿಗೂ ಭಾಷ್ಯ ಬರೆಯುವವರು. ವಯಸ್ಸು ಸಾಮಾನ್ಯವಾಗಿ ಅರವತ್ತರ ಮೇಲೆ. ಕೊಡಲಿ ಹಿಡಿದದ್ದನ್ನು ಕಂಡವರು ಊರಲ್ಲಿ ವಿರಳ.

ಅಡುಗೆಮನೆಗೆ ಗ್ಯಾಸ್ ಬಂದು ದಶಕಗಳೇ ಆದರೂ ಬಚ್ಚಲ ಹಂಡೆಯೂ ಅಡಿಕೆ ಬೇಯಿಸುವ ಹಂಡೆಯೂ ಇಂದಿಗೂ ಕಟ್ಟಿಗೆಯನ್ನೇ ಬೇಡುವುದರಿಂದ, ಜೂನ್ ಮಳೆ ಹಿಡಿಯುವುದರೊಳಗೆ ಕೊಟ್ಟಿಗೆ ತುಂಬಲೇಬೇಕಾಗುತ್ತದೆ. ತೆಳುವಾದ ಟೊಂಗೆಗಳು ಯಾರ ತಕರಾರೂ ಇಲ್ಲದೆ ಕತ್ತಿಗೆ ಸಿಕ್ಕಿ ತುಂಡಾಗುತ್ತವೆ. ಪಂಡಿತರ ಕಾರ್ಯಕ್ಷೇತ್ರ ಆರಂಭವಾಗುವುದು ಕುಂಟೆಯಿಂದ, ಅಂದರೆ ದಪ್ಪ ಬೊಡ್ಡೆಯನ್ನು ಅಡ್ಡಡ್ಡ ಕೊಯ್ದಾಗ ಉಳಿಯುವ ಗುಂಡು ತುಂಡಿನಿಂದ. ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಹಸಿ ಕುಂಟೆ 100 ಕಿಲೋ ದಾಟುವುದು ಸಾಮಾನ್ಯವಾದ್ದರಿಂದ ಅದನ್ನು ಎತ್ತುವ ಪ್ರಶ್ನೆಯೇ ಇಲ್ಲ. ಹಾರೆಯಿಂದ ಮೀಟಿ, ಮಗ್ಗುಲಾಗಿಸಿ, ಉರುಳಿಸಬೇಕು. ಇದನ್ನು ಪಂಡಿತರು ಹೇಳುವುದು ಮಾತ್ರ ಒಡೆಯುವವನು ಕುಂಟೆಯನ್ನು ಒಮ್ಮೆ ಎತ್ತಿ, ಸೊಂಟ ಹಿಡಿದು ನಿಂತ ಮೇಲೆಯೇ.

ಪಂಡಿತರನ್ನು ಸಹಿಸುವುದು ಕಷ್ಟವಾಗಿರುವುದಕ್ಕೆ ಮುಖ್ಯ ಕಾರಣ ಅವರ ಮಾತೆಲ್ಲ ನಿಜವಾಗಿರುವುದು. ಕುಂಟೆಗೆ ‘ಬಾಯಿ’ ಇರುತ್ತದೆ ಎಂಬುದು ಅವರ ಮೂಲ ಸಿದ್ಧಾಂತ. ಮರ ಒಣಗುವಾಗ ತಿರುಳಿನಿಂದ ಸಿಪ್ಪೆಯತ್ತ ಕುಗ್ಗುವುದಕ್ಕಿಂತ ಸುತ್ತಳತೆಯ ಕಡೆಗೆ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ಆ ಎಳೆದಾಟವನ್ನು ತಾಳಲಾರದೆ ಕೊಯ್ದ ಮುಖದ ಮೇಲೆ ಗಾಡಿಚಕ್ರದ ಅರಗಳಂತೆ ಬಿರುಕುಗಳು ಮೂಡುತ್ತವೆ. ಬಾಯಿ ಎಂದರೆ ಈ ಬಿರುಕು. ಏಟು ಬೀಳಬೇಕಾದದ್ದು ಅದರ ಗುಂಟ. ಬಾಯಿ ಬಿಡದ ದೊಡ್ಡ ಕುಂಟೆಯಾದರೆ ನಡುವನ್ನು ಬಿಟ್ಟು ಅಂಚಿನಿಂದ ಹೋಳು ಹೋಳಾಗಿ ಸುಲಿಯುತ್ತ ಬರಬೇಕು. ಅದಕ್ಕೂ ಬಗ್ಗದಿದ್ದರೆ ಬೆಣೆ, ಅಂದರೆ ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ ಇರುವ ಕಬ್ಬಿಣದ ತುಂಡನ್ನು ಬಿರುಕಿಗೆ ಇಟ್ಟು ಸುತ್ತಿಗೆಯಿಂದ ಬಡಿಯಬೇಕು. ಬೆಣೆ ಯಾವಾಗಲೂ ಎರಡಿರಬೇಕು, ಏಕೆಂದರೆ ಒಂದು ಸಿಕ್ಕಿಕೊಂಡರೆ ಬಿಡಿಸುವುದಕ್ಕೆ ಇನ್ನೊಂದು ಬೇಕು. ಅರ್ಧ ಸೀಳಿದ ಮರದ ಬೆಣೆ ಕಿತ್ತು ಪ್ರಾಣ ಕಳೆದುಕೊಂಡ ಪಂಚತಂತ್ರದ ಕೋತಿಯನ್ನು ಪಂಡಿತರು ಈ ಹಂತದಲ್ಲಿ ತಪ್ಪದೆ ನೆನೆಯುತ್ತಾರೆ, ನೆನೆಯುವಾಗ ನೋಡುವುದು ಒಡೆಯುವವನ ಮುಖವನ್ನು.

ಶಿರಸಿ ಸೀಮೆಯ ಒಂದು ಮನೆಗೆ ಬೆಂಗಳೂರಿನಿಂದ ರಜೆಗೆ ಬಂದಿದ್ದ ಯುವಕನೊಬ್ಬನ ಪ್ರಕರಣ ಇಲ್ಲಿ ಪರಿಶೀಲನೆಗೆ ಯೋಗ್ಯವಾಗಿದೆ. ಆ ಯುವಕನ ಅಂಗೈಯ ಬೊಬ್ಬೆಗಳಿಗೂ ಈ ಸಾಲುಗಳನ್ನು ಬರೆಯುತ್ತಿರುವ ಕೈಗೂ ಏನೋ ಸಂಬಂಧವಿದೆಯೆಂದು ಓದುಗರಿಗೆ ಅನ್ನಿಸಿದರೆ ಅದನ್ನು ಕಾಕತಾಳೀಯವೆಂದು ಭಾವಿಸತಕ್ಕದ್ದು. ವ್ಯಾಯಾಮಶಾಲೆಗೆ ತಿಂಗಳ ಶುಲ್ಕ ಕಟ್ಟಿದ ಧೈರ್ಯದಲ್ಲಿ ಅವನು ಆರಿಸಿಕೊಂಡದ್ದು ಮಾವಿನ ಮರದ ಕವಲಿನ ತುಂಡನ್ನು. ಕೊಂಬೆ ಕವಲೊಡೆಯುವಲ್ಲಿ ನಾರುಗಳು ನೇರ ಹರಿಯದೆ ಒಂದರೊಳಗೊಂದು ಹೆಣೆದುಕೊಳ್ಳುವುದರಿಂದ ಅನುಭವಿಗಳು ಅಂಥದ್ದನ್ನು ಇಡಿಯಾಗಿ ಬಚ್ಚಲೊಲೆಗೆ ತಳ್ಳುತ್ತಾರೆಂಬ ಸಂಗತಿ ಅವನಿಗೆ ತಿಳಿದಿರಲಿಲ್ಲ, ತಿಳಿದಿದ್ದ ಪಂಡಿತರು ಹೇಳಲಿಲ್ಲ. ಮೊದಲ ಏಟಿಗೆ ಕೊಡಲಿ ಪುಟಿಯಿತು, ಐದನೆಯದಕ್ಕೆ ಸಿಕ್ಕಿಕೊಂಡಿತು, ಅದನ್ನು ಕೀಳುವುದರಲ್ಲಿ ಕಾವು ಸಡಿಲವಾಯಿತು. ಒಂದು ಬೆಣೆ ಒಳಗೆ ಹೋಗಿ ಮಾಯವಾಯಿತು, ಎರಡನೆಯದು ಅದನ್ನು ಹಿಂಬಾಲಿಸಿತು. ಪ್ರತಿ ಘಟ್ಟದಲ್ಲೂ ಪೀಠದಿಂದ ಒಂದೇ ವಾಕ್ಯ: “ಬಲ ಬೇಡ ತಮಾ, ಬಾಯಿ ನೋಡು.” ಮೂವತ್ತನೆಯ ಏಟಿನ ಹೊತ್ತಿಗೆ ಯುವಕ ಕುಂಟೆಗೆ ಒರಗಿ ಕೂತಾಗ ಪಂಡಿತರು ಕವಳ ಉಗಿದು ಎದ್ದು ಬಂದು, ಸುತ್ತಿಗೆಯಿಂದ ಬೆಣೆಯ ತಲೆಗೆ ಒಂದೇ ಒಂದು ಸಲ, ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ, ತಟ್ಟಿದರು, ಕುಂಟೆ ನಿಟ್ಟುಸಿರಿಟ್ಟು ಎರಡಾಯಿತು. “ಇಷ್ಟೇಯಾ” ಎಂದು ಅವರು ಮರಳಿ ಕೂತರು. ಹಿಂದಿನ ಮೂವತ್ತು ಏಟುಗಳು ಬಿರುಕನ್ನು ಗೆರೆಗೆರೆಯಾಗಿ ಇಳಿಸಿದ್ದರಿಂದಲೇ ಮೂವತ್ತೊಂದನೆಯದು ಗೆದ್ದಿತೆಂಬ ಭೌತಶಾಸ್ತ್ರದ ವಾದವನ್ನು ಆ ಸಂಜೆ ಊಟದ ಪಂಕ್ತಿಯಲ್ಲಿ ಮಂಡಿಸಿದಾಗ ಒಬ್ಬರೂ ಒಪ್ಪಲಿಲ್ಲ.

ಇತರ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮಳೆಯ ಹನಿಯೊಂದೂ ಬೀಳದ ಕೊಟ್ಟಿಗೆಯೊಳಗೂ ಸೀಳಿನ ಸಿಪ್ಪೆ ಮೇಲ್ಮುಖವಾಗಿಯೇ ಇರಬೇಕೆಂದು ಅವರು ಇಡೀ ಒಟ್ಟಲನ್ನು ಕೆಡವಿಸುತ್ತಾರೆ. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾವನ್ನು ಮರವೆಂದು ಒಪ್ಪುವುದಿಲ್ಲ, ಆದರೆ ಅದರ ಬಿಸಿನೀರಲ್ಲಿ ಮೀಯುತ್ತಾರೆ.

ಮೇ ತಿಂಗಳು ಕಳೆದಂತೆ ಪಂಡಿತರ ದನಿ ಕುಗ್ಗುತ್ತದೆ. ಬಲಗೈಯನ್ನು ಹೆಗಲಿನ ಮೇಲಕ್ಕೆ ಎತ್ತಲಾರದೆ ಅವರು ಪಂಜೆಯನ್ನು ಎಡಗೈಯಿಂದಲೇ ಹೊದೆಯುವುದನ್ನು ಆ ಯುವಕ ಗಮನಿಸಿದ್ದು ರಜೆಯ ಕೊನೆಯ ವಾರದಲ್ಲಿ. ಬಗೆಬಗೆಯ ಮರದ ಬಿರುಕನ್ನು ಕೂತಲ್ಲಿಂದಲೇ ಓದಬಲ್ಲ ಆ ಕಣ್ಣಿಗೆ ಕೈಯೊಂದು ಬೇಕಿತ್ತು, ಸಿಕ್ಕ ಕೈಗಳೆಲ್ಲ ರಜೆ ಮುಗಿದೊಡನೆ ಬಸ್ಸು ಹತ್ತುತ್ತಿದ್ದವು.

ಹೊರಡುವ ಹಿಂದಿನ ದಿನ ಕೊಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ಸಾಲು ಒಟ್ಟಲು ಜಾಗ ಮಾಡಬೇಕಾಗಿ ಬಂದು, ಪಂಡಿತರು ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಯುವಕ ಅವರ ಮತ್ತಿ ಪೀಠವನ್ನು, ಕಲಿತ ಪಾಠದಂತೆ ಹಾರೆಯಿಂದ ಮೀಟಿ, ಮಗ್ಗುಲಾಗಿಸಿದ. ನೆಲದ ಕಡೆಗಿದ್ದ ಮುಖದ ನಟ್ಟನಡುವೆ, ಬಾಯಿ ಇಲ್ಲದ ಜಾಗದಲ್ಲಿ, ತಲೆಮಟ್ಟ ಇಳಿದು ತುಕ್ಕು ಹಿಡಿದ ಎರಡು ಬೆಣೆಗಳಿದ್ದವು. ಅತ್ತೆ ಅಡುಗೆಮನೆಯ ಬಾಗಿಲಿಂದ ನೋಡಿ, ತಾನು ಮದುವೆಯಾಗಿ ಬಂದ ವರ್ಷವೂ ಅವು ಅಲ್ಲಿಯೇ ಇದ್ದವೆಂದು ಹೇಳಿ ಒಳಗೆ ಹೋದರು. ಒದ್ದೆ ತಲೆಯಲ್ಲಿ ಬಂದ ಪಂಡಿತರು ಕುಂಟೆಯನ್ನೂ ಯುವಕನನ್ನೂ ಒಂದಷ್ಟು ಹೊತ್ತು ನೋಡಿ, ಮೊದಲಿದ್ದಂತೆ ಉರುಳಿಸಲು ಕೈಸನ್ನೆ ಮಾಡಿದರು.

“ಇನ್ನೊಂದು ಬೇಸಿಗೆ ಒಣಗ್ಲಿ ತಮಾ” ಎಂದು ಅದರ ಮೇಲೆ ಕೂತರು.