ಮುಂಬಯಿಯಲ್ಲಿ ಬಿಡಾರ

ಸಣ್ಣ ಊರಿಗೆ ಹೋಗುವವನಿಗೆ ಬಿಡಾರದ ಚಿಂತೆಯಿಲ್ಲ. ಬಸ್ಸಿಳಿದ ಕಡೆಯಲ್ಲಿಯೇ ಒಂದು ವಸತಿಗೃಹವಿರುತ್ತದೆ. ಅದು ತುಂಬಿದ್ದರೆ ಎದುರಿಗೆ ಮತ್ತೊಂದಿರುತ್ತದೆ. ತಿಗಣೆಗಳ ಉಪದ್ರವವು ಎರಡರಲ್ಲಿಯೂ ಸಮಸಮವಾಗಿರುವುದರಿಂದ ಆಯ್ಕೆಯ ಕ್ಲೇಶವೂ ಇಲ್ಲ. ಮಹಾನಗರದ ಪಾಡು ಬೇರೆ. ಅಲ್ಲಿ ಬಿಡಾರವೆಂಬುದು ಹಾಸಿಗೆ, ದಿಂಬು, ಬಿಸಿನೀರುಗಳ ಪ್ರಶ್ನೆಯಾಗಿ ಉಳಿಯದೆ, ಪ್ರಯಾಣಿಕನ ಅಭಿರುಚಿ, ಅಂತಸ್ತು, ಲೋಕಜ್ಞಾನಗಳೆಲ್ಲವನ್ನೂ ಒರೆಗೆ ಹಚ್ಚುವ ಪರೀಕ್ಷೆಯಾಗಿ ಪರಿಣಮಿಸುತ್ತದೆ. ಪ್ರವಾಸದಿಂದ ಮರಳಿದವನನ್ನು "ಏನೇನು ನೋಡಿದಿರಿ?" ಎಂದು ವಿಚಾರಿಸುವವರಿಗಿಂತ "ಎಲ್ಲಿ ಇಳಿದುಕೊಂಡಿದ್ದಿರಿ?" ಎಂದು ವಿಚಾರಿಸುವವರೇ ಹೆಚ್ಚು, ಆ ಒಂದು ಉತ್ತರದಿಂದ ಉಳಿದದ್ದನ್ನೆಲ್ಲ ಅವರು ತಾವಾಗಿಯೇ ಊಹಿಸಿಕೊಂಡುಬಿಡುತ್ತಾರೆ.

ನಾನು ನಿವೃತ್ತನಾದ ತರುವಾಯ ಮುಂಬಯಿಯನ್ನು ಒಮ್ಮೆ ಕಣ್ತುಂಬ ನೋಡಿಕೊಂಡು ಬರಬೇಕೆಂದು ನಾನೂ ನಮ್ಮ ಮನೆಯಾಕೆಯೂ ಸಂಕಲ್ಪ ಮಾಡಿದೆವು. ಮದುವೆಯಿಲ್ಲ, ಮುಂಜಿಯಿಲ್ಲ, ಆಸ್ಪತ್ರೆಯಿಲ್ಲ, ಕೋರ್ಟಿಲ್ಲ, ನೋಡುವುದಷ್ಟೇ ಉದ್ದೇಶ. ಇಂಥ ನಿಷ್ಕಾಮ ಪ್ರಯಾಣದ ವಾರ್ತೆ ಬಸವನಗುಡಿಯಲ್ಲಿ ಹಬ್ಬುವುದಕ್ಕೆ ಬಹಳ ಹೊತ್ತು ಹಿಡಿಯುವುದಿಲ್ಲ. ಟಿಕೇಟು ಕೈಗೆ ಬರುವುದಕ್ಕೆ ಮೊದಲೇ ಉಪದೇಶಕರು ಬಂದರು.

ಎಲ್ಲರಿಗಿಂತ ಮೊದಲು ಬಂದವರು ಧಾರವಾಡದ ಮಿತ್ರರು. ನೌಕರಿಯ ನಿಮಿತ್ತ ಬೆಂಗಳೂರಿಗೆ ಬಂದು ದಶಕಗಳೇ ಸಂದಿದ್ದರೂ ಅವರ ಮಾತಿನ ಗಟ್ಟಿತನವನ್ನು ನಮ್ಮೂರಿನ ತೆಳುಗಾಳಿ ಕಿಂಚಿತ್ತೂ ಕರಗಿಸಿಲ್ಲ. "ದಾದರಾ ಬಿಟ್ಟು ಬ್ಯಾರೆ ಕಡೆ ಇಳಿಯೋದಂದ್ರ ಏನ್ರೀ?" ಎಂದು ಅವರು ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಲೇ ಗದರಿದರು. "ಶರಾವತಿ ಗಾಡಿ ಹೋಗೋದು ದಾದರಕ್ಕ, ಚಾಲುಕ್ಯ ಹೋಗೋದು ದಾದರಕ್ಕ. ರೇಲ್ವೇದಾವ್ರು ಏನ್ ಹುಚ್ಚರಿದ್ದಾರೇನು?" ರೈಲ್ವೆಯವರ ಮನಃಸ್ಥಿತಿಯನ್ನು ಕುರಿತು ನಾನು ಅಭಿಪ್ರಾಯ ಹೇಳಲಿಲ್ಲ. ಪಶ್ಚಿಮದ ಮಾರ್ಗವೂ ಮಧ್ಯದ ಮಾರ್ಗವೂ ಕೈಹಿಡಿಯುವ ಸಂಧಿಸ್ಥಾನವೇ ದಾದರು. ಅಲ್ಲಿ ನಿಂತವನು ಯಾವ ದಿಕ್ಕಿಗೂ ಹೋಗಬಲ್ಲನೆಂಬುದು ಅವರ ವಾದ. ಯಾವ ದಿಕ್ಕಿಗೂ ಹೋಗಬಲ್ಲ ಲಕ್ಷಾಂತರ ಮಂದಿ ಅದೇ ಕಾರಣದಿಂದ ಅದೇ ಮೆಟ್ಟಿಲುಗಳ ಮೇಲೆ ಅದೇ ಹೊತ್ತಿಗೆ ನಿಂತಿರುತ್ತಾರೆಂಬುದು ಅವರಿಗೆ ದೋಷವಾಗಿ ತೋರಲಿಲ್ಲ. ವಡಾಪಾವ್ ಎಂಬ ಭಕ್ಷ್ಯವೂ ಆ ಸ್ಟೇಷನ್ನಿನ ಬಾಗಿಲಲ್ಲೇ ಹುಟ್ಟಿತೆಂದು ಹೇಳುವರು. ಅದನ್ನೂ ಅವರು ದಾದರಿನ ಪುಣ್ಯಗಳ ಲೆಕ್ಕಕ್ಕೆ ಸೇರಿಸಿಯೇ ಎದ್ದರು.

ಅವರು ಹೊರಟ ಗೇಟಿನಲ್ಲಿಯೇ ಕರಾವಳಿಯ ಹಿರಿಯರೊಬ್ಬರು ಒಳಗೆ ಬಂದರು. ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಹಗಲೆಲ್ಲ ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದ ಆ ಪೀಳಿಗೆಯ ಸಾಹಸಿಗರಲ್ಲಿ ಅವರೂ ಒಬ್ಬರು. ಈಗ ನಮ್ಮ ಬೀದಿಯ ತುದಿಯಲ್ಲಿ ಸ್ವಂತ ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದಾರೆ. "ದಾದರೂ ಬೇಡ ಗೀದರೂ ಬೇಡ ಮಾರಾಯ್ರೆ. ಫೋರ್ಟಿನಲ್ಲಿ ಉಳಿಯಿರಿ. ಮುಂಬಯಿ ಅಂದರೆ ಅದು, ಉಳಿದದ್ದೆಲ್ಲ ಹಳ್ಳಿ" ಎಂದು ಅವರು ಅಪ್ಪಣೆ ಕೊಡಿಸಿದರು. ಆ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಿಹಾಕಿದರು; ಆದರೂ ಹೆಸರಿನಿಂದ ಕೋಟೆ ಹೋಗಲಿಲ್ಲ, ಅವರ ಮನಸ್ಸಿನಿಂದ ಫೋರ್ಟು ಹೋಗಲಿಲ್ಲ. ಹಗಲಲ್ಲಿ ಬ್ಯಾಂಕು, ವಕೀಲರು, ಗುಮಾಸ್ತರುಗಳಿಂದ ಕಿಕ್ಕಿರಿಯುವ ಆ ಬೀದಿಗಳು ಕಚೇರಿ ಮುಚ್ಚಿದೊಡನೆ ನಿರ್ಜನವಾಗಿಬಿಡುತ್ತವೆ, ಭಾನುವಾರವಂತೂ ಅಲ್ಲಿ ಪಾರಿವಾಳಗಳದೇ ರಾಜ್ಯಭಾರ ಎಂದು ಕೇಳಿದ್ದೆನೆಂದು ಮೆಲ್ಲನೆ ಹೇಳಿದೆ. "ಅದೇ ಲಾಭ ಅಲ್ಲವೋ? ರಾತ್ರಿ ಓದಲಿಕ್ಕೆ ಬಹಳ ಒಳ್ಳೆಯದು" ಎಂದರು. ಅರುವತ್ತು ಮೀರಿದ ನಾನು ಮುಂಬಯಿಗೆ ಹೋಗಿ ರಾತ್ರಿ ಯಾವ ಪರೀಕ್ಷೆಗೆ ಓದಬೇಕಾಗಿತ್ತೋ ಅವರೇ ಬಲ್ಲರು.

ಮೂರನೆಯವನು ನನ್ನ ಅಕ್ಕನ ಮಗ. ಅವನು ಬರಲಿಲ್ಲ, ಫೋನು ಮಾಡಿದ. "ಮಾವ, ಅಂಧೇರಿಯಲ್ಲಿ ಇಳ್ಕೊಳ್ಳಿ. ಏರ್‌ಪೋರ್ಟಿಗೆ ಹತ್ತಿರ, ಮೆಟ್ರೋನೂ ಇದೆ" ಎಂದ. ಮೆಟ್ರೋ ಇರುವುದು ನಿಜ. ವರ್ಸೋವಾದಿಂದ ಅಂಧೇರಿಯ ಮೂಲಕ ಘಾಟ್‌ಕೋಪರಿನವರೆಗೆ 2014ರಿಂದ ಅದು ಓಡುತ್ತಿದೆ. ಆದರೆ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವುದನ್ನು ಒಂದು ಗುಣವೆಂದು ಎಣಿಸುವ ಈ ತಲೆಮಾರಿನ ತರ್ಕ ನನಗೆ ಇಂದಿಗೂ ದುರ್ಗ್ರಾಹ್ಯ. ನಗರವನ್ನು ನೋಡಲು ಹೋದವನು ವಿಮಾನ ನಿಲ್ದಾಣಕ್ಕೆ ಹೋಗುವುದು ನಗರವನ್ನು ಬಿಡುವ ದಿನ. ಬಿಟ್ಟುಹೋಗುವುದಕ್ಕೆ ಅನುಕೂಲವಾದ ಸ್ಥಳದಲ್ಲಿಯೇ ಬಿಡಾರ ಹೂಡುವುದಾದರೆ ಮನೆಯಲ್ಲಿಯೇ ಇರಬಹುದಲ್ಲವೆ? ಇದನ್ನು ಹೇಳಿದರೆ "ನಿಮ್ಮ ಕಾಲ ಬೇರೆ ಮಾವ" ಎನ್ನುತ್ತಾನೆಂದು ಗೊತ್ತಿದ್ದುದರಿಂದ ಹೇಳಲಿಲ್ಲ. ಅಷ್ಟಕ್ಕೂ ನಾವು ಹೊರಟಿದ್ದದ್ದು ರೈಲಿನಲ್ಲಿ.

ಮೂವರೂ ಸುಳ್ಳು ಹೇಳಲಿಲ್ಲ. ಮೂವರೂ ನನ್ನ ಪ್ರಯಾಣದ ವಿಷಯವನ್ನೂ ಹೇಳಲಿಲ್ಲ. ಧಾರವಾಡದವರು ತಮ್ಮ ರೈಲನ್ನು ಶಿಫಾರಸು ಮಾಡಿದರು, ಕರಾವಳಿಯವರು ತಮ್ಮ ಹದಿನೇಳನೆಯ ವಯಸ್ಸನ್ನು ಶಿಫಾರಸು ಮಾಡಿದರು, ಅಕ್ಕನ ಮಗ ತನ್ನ ಕಂಪನಿಯವರು ಖರ್ಚು ಕೊಡುವ ಹೋಟೆಲನ್ನು ಶಿಫಾರಸು ಮಾಡಿದ. ಪ್ರವಾಸದ ಪುಸ್ತಕಗಳಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಥಳೀಯರು ಎಲ್ಲಿ ವಾಸಿಸುವರೋ ಅಲ್ಲಿಯೇ ಉಳಿಯಬೇಕೆಂದು ವಿಧಿಸುತ್ತವೆ. ಮುಂಬಯಿಯ ಸ್ಥಳೀಯರು ಬಾಡಿಗೆ ಎಲ್ಲಿ ಎಟುಕಿತೋ ಅಲ್ಲಿ ವಾಸಿಸುತ್ತಾರೆ, ಪ್ರತಿನಿತ್ಯ ಬೆಳಗಾಗೆದ್ದು ಅಲ್ಲಿಂದ ತಪ್ಪಿಸಿಕೊಂಡು ಬರುತ್ತಾರೆ. ವಿರಾರದ ಗೃಹಸ್ಥನು ಸಂತೋಷಕ್ಕಾಗಿ ವಿರಾರದಲ್ಲಿದ್ದಾನೆಂದು ಆ ಗ್ರಂಥಕರ್ತರು ಭಾವಿಸಿದಂತಿದೆ.

ಇಷ್ಟಾದ ಮೇಲೆ ನಾನೇ ನಕಾಶೆಯನ್ನು ಹರಡಿಕೊಂಡು ಕುಳಿತೆ. ಮುಂಬಯಿ ನುಗ್ಗೆಕಾಯಿಯಂತೆ ಉದ್ದಕ್ಕೆ ಇಳಿಬಿದ್ದಿರುವ ಊರು. ಕಚೇರಿ, ಕೋರ್ಟು, ವಸ್ತುಸಂಗ್ರಹಾಲಯ, ಗೇಟ್‌ವೇಗಳೆಲ್ಲ ದಕ್ಷಿಣದ ತುದಿಯಲ್ಲಿ ಸೇರಿಕೊಂಡಿವೆ, ಜನ ಉತ್ತರದ ಕಡೆಗೆ ಬೆಳೆಯುತ್ತ ಹೋಗಿದ್ದಾರೆ. ಚರ್ಚ್‌ಗೇಟಿನಿಂದ ವಿರಾರಕ್ಕೆ 60 ಕಿಲೋಮೀಟರು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದಂದಿನಿಂದ ಈ ನಗರದ ಬೆಳವಣಿಗೆಯೆಲ್ಲ ಕಂಬಿಯನ್ನು ಹಿಡಿದುಕೊಂಡೇ ಆದದ್ದು. ಆದಕಾರಣ ಅಲ್ಲಿ ದೂರವನ್ನು ಮೈಲಿಯಿಂದ ಅಳೆಯುವವರಿಲ್ಲ. ಯಾರನ್ನು ಕೇಳಿದರೂ "ನಲವತ್ತು ನಿಮಿಷ, ಫಾಸ್ಟ್ ಸಿಕ್ಕಿದರೆ" ಎಂಬ ಧಾಟಿಯ ಉತ್ತರವೇ ಬರುತ್ತದೆ. ನಕಾಶೆಯಲ್ಲಿ ಬಾಂದ್ರಾ ಮತ್ತು ಕುರ್ಲಾಗಳ ನಡುವೆ ಮೀಠಿ ನದಿಯೊಂದನ್ನು ಬಿಟ್ಟರೆ ಹೆಚ್ಚೇನೂ ಅಂತರವಿಲ್ಲ. ಆದರೆ ಒಂದು ಪಶ್ಚಿಮದ ಕಂಬಿಯ ಮೇಲಿದೆ, ಇನ್ನೊಂದು ಮಧ್ಯದ ಕಂಬಿಯ ಮೇಲಿದೆ. ಲೋಕಲ್ಲಿನಲ್ಲಿ ಹೋಗುವವನು ಸಾಮಾನ್ಯವಾಗಿ ದಾದರಿನವರೆಗೆ ಇಳಿದುಬಂದು, ಸೇತುವೆ ಹತ್ತಿಳಿದು, ಮತ್ತೆ ಉತ್ತರಾಭಿಮುಖನಾಗಬೇಕು. ನಕಾಶೆಯನ್ನು ನಂಬಿ ಬಿಡಾರವನ್ನು ಆರಿಸುವವನಿಗೆ ಮುಂಬಯಿ ದಯೆ ತೋರಿಸುವುದಿಲ್ಲ. ಬೆಳಗಿನ ಜನಪ್ರವಾಹವು ದಕ್ಷಿಣಕ್ಕೂ ಸಂಜೆಯದು ಉತ್ತರಕ್ಕೂ ಹರಿಯುವುದರಿಂದ, ತುತ್ತತುದಿಯಲ್ಲಿ ಕೊಲಾಬದ ಸಮೀಪ ಇದ್ದುಬಿಟ್ಟರೆ ಪ್ರವಾಹಕ್ಕೇ ಸಿಕ್ಕಬೇಕಾಗಿಲ್ಲವೆಂದು ನನಗೆ ಹೊಳೆಯಿತು. ನಡೆದುಹೋಗುವಷ್ಟು ಹತ್ತಿರದಲ್ಲಿ 1922ರಲ್ಲಿ ಬಾಗಿಲು ತೆರೆದ ಆ ಭವ್ಯ ವಸ್ತುಸಂಗ್ರಹಾಲಯ, ಅದರ ಮಗ್ಗುಲಿಗೇ ಜಹಾಂಗೀರ್ ಕಲಾಮಂದಿರ, ಇತ್ತ ಬಂದರೆ ಅಪಾರ ಸಮುದ್ರ. ಸಂಸ್ಕಾರವಂತನಾದ ಪ್ರಯಾಣಿಕನಿಗೆ ಇದಕ್ಕಿಂತ ಯೋಗ್ಯವಾದ ಸ್ಥಳವಿರಲಾರದೆಂದು ನಿರ್ಣಯಿಸಿ, ಆ ನಿರ್ಣಯವನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ನಮ್ಮಾಕೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಅಲ್ಲಾ ರೀ, ಆ ಮ್ಯೂಸಿಯಂ ಎಷ್ಟು ಗಂಟೆಗೆ ಬಾಗಿಲು ತೆಗೆಯತ್ತೆ?"

"ಹತ್ತರ ಮೇಲೆ."

"ನೀವು ಏಳೋದು?"

"ಐದಕ್ಕೆ."

"ಅಲ್ಲೀವರೆಗೂ ಕಾಫಿ ಇಲ್ದೆ ಸಮುದ್ರ ನೋಡ್ತಾ ಕೂತಿರ್ತೀರಾ?"

ರೈಲ್ವೆಯ ಇತಿಹಾಸ, ಜನಪ್ರವಾಹದ ದಿಕ್ಕು, ಕಲೆಯ ಸಾನ್ನಿಧ್ಯ ಇವೆಲ್ಲವನ್ನೂ ಪರಿಗಣಿಸಿ ನಾನು ಕಟ್ಟಿದ ಸಿದ್ಧಾಂತಸೌಧವು ಒಂದು ಲೋಟ ಡಿಕಾಕ್ಷನ್ನಿನಲ್ಲಿ ಮುಳುಗಿಹೋಯಿತು. ಆ ಕಡೆ ಕಾಫಿ ಸಿಕ್ಕುವುದಿಲ್ಲವೆಂದಲ್ಲ. ಸೂರ್ಯೋದಯಕ್ಕೆ ಮುಂಚೆ, ನಮ್ಮ ಹದಕ್ಕೆ, ನಮ್ಮ ಬೆಲೆಗೆ ಸಿಕ್ಕೀತೆಂದು ಪ್ರಮಾಣ ಮಾಡಿ ಹೇಳುವ ಧೈರ್ಯ ನನಗಿರಲಿಲ್ಲ. ಕೊಠಡಿಯ ಬಾಡಿಗೆಯನ್ನು ವಿಚಾರಿಸಿದ ಮೇಲೆ ಉಳಿದ ಧೈರ್ಯವೂ ಹೋಯಿತು. ಹೀಗೆ ನಾವು ನಸುಕಿನಲ್ಲಿಯೇ ನಮ್ಮ ಹದದ ಕಾಫಿ ಸಿಕ್ಕುವ ಮಾಟುಂಗಕ್ಕೆ ಬಂದೆವು.

ಬಂದೆವೆಂದರೆ, ಮೊದಲು ಅದನ್ನು ದಾಟಿಹೋದೆವು. ಬೆಂಗಳೂರಿನಿಂದ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸು ಕಲ್ಯಾಣ, ಠಾಣೆಗಳಲ್ಲಿ ನಿಂತು, ಮಾಟುಂಗವೆಂಬ ಫಲಕವನ್ನು ಕಿಟಕಿಯಲ್ಲಿ ಕ್ಷಣಮಾತ್ರ ತೋರಿಸಿ, ಓಡಿಹೋಗಿ ದಾದರಿನಲ್ಲಿ ನಿಲ್ಲುತ್ತದೆ. "ಅಯ್ಯೋ, ನಮ್ಮೂರು ಹೋಯ್ತಲ್ಲಾ ರೀ!" ಎಂದು ನಮ್ಮಾಕೆ ಉದ್ಗರಿಸಿದಳು. ಇನ್ನೂ ಕಾಲಿಡದ ಸ್ಥಳವನ್ನು ಆಕೆ ಆಗಲೇ ನಮ್ಮೂರೆಂದು ಕರೆದದ್ದು ಅತಿಶಯವೆನ್ನಿಸಿತು. ಮರುದಿನ ಬೆಳಗ್ಗೆ ಹಾಗೆನ್ನಿಸಲಿಲ್ಲ.

ಐದೂವರೆಯ ನಸುಕಿನಲ್ಲಿ ಹೊರಟರೆ, ದೇವಾಲಯದ ಪಕ್ಕದ ಸಾಲಿನಲ್ಲಿ ಹೆಂಗಸರು ಮಲ್ಲಿಗೆಯ ಮೊಗ್ಗನ್ನು ಬಾಳೆನಾರಿಗೆ ಕಟ್ಟುತ್ತ ಕುಳಿತಿದ್ದಾರೆ. ಅವರಾಚೆ ಸುರುಳಿ ಸುತ್ತಿದ ಬಾಳೆಯೆಲೆಯ ಕಟ್ಟುಗಳು, ಬೂದುಗುಂಬಳ, ಕರಿಬೇವಿನ ಹೊರೆ. ಕಾಫಿಬೀಜ ಹುರಿಯುವ ಅಂಗಡಿಯ ಘಮಲು ಬೀದಿಯ ತಿರುವಿನಿಂದಲೇ ಎದುರುಗೊಳ್ಳುತ್ತದೆ. ಕಛ್ಛಿನ ಗೃಹಿಣಿಯೊಬ್ಬಳು ಪಾಲಕ್ಕಾಡಿನ ಅಂಗಡಿಯವನೊಡನೆ ಹಿಂದಿಯಲ್ಲಿ ಕರಿಬೇವಿನ ಚೌಕಾಶಿ ನಡೆಸಿದ್ದಳು. ಅವನು ಬೆಲೆಯನ್ನು ಮರಾಠಿಯಲ್ಲಿ ಹೇಳಿ, ಗೊಣಗುವುದನ್ನು ಮಾತ್ರ ತಮಿಳಿನಲ್ಲಿ ಇಟ್ಟುಕೊಂಡಿದ್ದನು. ಮೈಸೂರು ಅಸೋಸಿಯೇಷನ್ 1926ರಲ್ಲಿ ಸ್ಥಾಪಿತವಾದದ್ದು, ಅದರ ಮನೆ ಇಲ್ಲಿಯೇ ಇದೆ. ಸ್ಟೇಷನ್ನಿನ ಎದುರಿನ ಮಾರುಕಟ್ಟೆಯ ಮಹಡಿಯ ಮೇಲೆ 1942ರಲ್ಲಿ ಆರಂಭವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಯೆಲೆಯ ಊಟ ಬಡಿಸುತ್ತಾರೆ. ಕೂಪನ್ನು ಕೊಂಡು ಸರತಿಯಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಗುಜರಾತಿಗಳು, ಸಾರನ್ನು ಅವರು ಹೊಗಳುವುದನ್ನು ಕೇಳಿದರೆ ನಮ್ಮವರಿಗೆ ನಾಚಿಕೆಯಾಗಬೇಕು. ಸ್ಟೇಷನ್ನಿನೊಳಗೆ ಹೋದರೆ ಟಿಕೇಟು ಕೊಡುವವರಿಂದ ಹಿಡಿದು ಪೊಲೀಸಿನವರವರೆಗೆ ಎಲ್ಲರೂ ಮಹಿಳೆಯರೇ. 2017ರಿಂದ ನಡೆದುಬಂದ ಈ ವ್ಯವಸ್ಥೆಯನ್ನು ನಮ್ಮಾಕೆ ಅರ್ಧ ಗಳಿಗೆ ನಿಂತು ಪರಿಶೀಲಿಸಿ, "ಅದಕ್ಕೇ ಇಷ್ಟು ಕ್ಲೀನಾಗಿದೆ" ಎಂದು ನನ್ನ ಕಡೆಗೆ ನೋಡಿದಳು.

ಸಾವಿರ ಕಿಲೋಮೀಟರು ಹೋಗಿ ಬಸವನಗುಡಿಯಲ್ಲಿಯೇ ಇಳಿದುಕೊಂಡಿರೆಂದು ಅಕ್ಕನ ಮಗ ಆಮೇಲೆ ನಕ್ಕನು. ಅವನಿಗೆ ತಿಳಿಯದ ಸಂಗತಿಯೊಂದಿದೆ. ಮುಂಬಯಿಗೆ 1896ರಲ್ಲಿ ಪ್ಲೇಗು ಬಂತು. ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತದ್ದನ್ನು ನೋಡಿ 1898ರಲ್ಲಿ ಸರ್ಕಾರವು ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಗಾಳಿ ಬೆಳಕು ಆಡುವಂತೆ ಅಗಲವಾದ ರಸ್ತೆ, ಸಾಲುಮರ, ತೋಟಗಳನ್ನು ಗೆರೆ ಎಳೆದು ಆ ಟ್ರಸ್ಟಿನವರು ರೂಪಿಸಿದ ಬಡಾವಣೆಯೇ ದಾದರು, ಮಾಟುಂಗ, ಸಾಯನ್ನುಗಳ ಸೀಮೆ. ಅದೇ 1898ರಲ್ಲಿ ಅದೇ ಮಾರಿ ಬೆಂಗಳೂರಿಗೂ ಬಂತು, ಪೇಟೆಯ ಸಂದಿಗಳನ್ನು ಬಿಟ್ಟುಹೊರಟ ಜನ ಬಸವನಗುಡಿ, ಮಲ್ಲೇಶ್ವರಗಳನ್ನು ತುಂಬಿದರು. ಒಂದೇ ಇಲಿಯ ಭಯದಿಂದ ಹುಟ್ಟಿದ ಎರಡು ಬಡಾವಣೆಗಳು ಒಂದನ್ನೊಂದು ಹೋಲುವುದು ನನ್ನ ಅಪರಾಧವಲ್ಲ. ಅದಲ್ಲದೆ, ಹಗಲೆಲ್ಲ ಹನ್ನೆರಡು ಭಾಷೆಗಳ ನೂಕಾಟದಲ್ಲಿ ಸಿಕ್ಕಿ, ಮೊಣಕೈಗಳ ತಿವಿತವನ್ನು ಸಹಿಸಿ, ಅಪರಿಚಿತವಾದದ್ದನ್ನು ಯಥೇಚ್ಛವಾಗಿ ಅನುಭವಿಸಿದವನು ಬೆಳಗಿನ ಮೊದಲ ಲೋಟವಾದರೂ ಪರಿಚಿತವಾಗಿರಲೆಂದು ಬಯಸಿದರೆ ಅದನ್ನು ಸಂಕುಚಿತ ಮನೋಭಾವವೆನ್ನುವವರು ಕಾಫಿಯನ್ನು ಬಿಟ್ಟು ಮಾತನಾಡಲಿ. ಮಾಟುಂಗಕ್ಕೂ ದೋಷಗಳಿವೆ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ಲಿನ ಸುತ್ತ ನೀರು ನಿಲ್ಲುವುದನ್ನು ಪತ್ರಿಕೆಗಳು ವರ್ಷಕ್ಕೊಮ್ಮೆ ತಪ್ಪದೆ ಚಿತ್ರಸಹಿತ ಪ್ರಕಟಿಸುತ್ತವೆ. ನಾವು ಹೋದದ್ದು ಮಾಘಮಾಸದಲ್ಲಿ.

ನಿಜವಾದ ದೋಷ ಬೇರೆ. ಫಾಸ್ಟ್ ಲೋಕಲ್ಲುಗಳು ಮಾಟುಂಗದಲ್ಲಿ ನಿಲ್ಲುವುದಿಲ್ಲ. ನಿಂತುನಿಂತು ಹೋಗುವ ಸ್ಲೋ ಗಾಡಿಯಲ್ಲಿ ದಾದರಿನವರೆಗೆ ಹೋಗಿ, ಅಲ್ಲಿ ಇಳಿದು, ಬೇರೆ ಗಾಡಿಯನ್ನು ಹಿಡಿಯಬೇಕು. ಮೊದಲಾದರೆ ಆ ಸ್ಟೇಷನ್ನಿನಲ್ಲಿ ಪಶ್ಚಿಮ ರೈಲ್ವೆಯದೊಂದು, ಮಧ್ಯ ರೈಲ್ವೆಯದೊಂದು, ಹೀಗೆ ಒಂದನೆಯ ಪ್ಲಾಟ್‌ಫಾರಮ್ಮುಗಳೇ ಎರಡಿದ್ದವು. ಹೊಸಬನು ಸರಿಯಾದ ಅಂಕಿಯ ಮುಂದೆ ನಿಂತೂ ತಪ್ಪಾದ ಊರಿಗೆ ಹೋಗಬಹುದಾಗಿತ್ತು. 2023ರ ಡಿಸೆಂಬರಿನಲ್ಲಿ ಒಂದರಿಂದ ಹದಿನಾಲ್ಕರವರೆಗೆ ಸಾಲಾಗಿ ಅಂಕಿಗಳನ್ನು ಬರೆದು ಆ ಗೊಂದಲವನ್ನು ಬಗೆಹರಿಸಿದರು. ಬೋರಿಬಂದರಿನ ವಿ.ಟಿ.ಗೆ ಹೋಗುವಾಗ ದಾದರು, ಬಾಂದ್ರಾಕ್ಕೆ ಹೋಗುವಾಗ ದಾದರು, ಮರಳುವಾಗ ಮತ್ತೆ ದಾದರು. ಆ ಸೇತುವೆಯ ಮೆಟ್ಟಿಲುಗಳನ್ನು ನಮ್ಮ ಮೊಣಕಾಲುಗಳು ಕಂಠಪಾಠ ಮಾಡಿಕೊಂಡವು.

ಊರಿಗೆ ಬಂದ ಮೇಲೆ ಗಾಂಧಿಬಜಾರಿನಲ್ಲಿ ಇಬ್ಬರು ಹಿರಿಯ ಉಪದೇಶಕರೂ ಒಟ್ಟಿಗೇ ಸಿಕ್ಕಿದರು. ಮಾಟುಂಗವೆಂದೊಡನೆ ಕರಾವಳಿಯವರು ಪ್ರಸನ್ನರಾದರು. "ಫೋರ್ಟು ಬಿಟ್ಟರೂ ನಮ್ಮವರ ಕೈಯ ಊಟ ಬಿಡಲಿಲ್ಲ, ಅಷ್ಟು ಸಾಕು ಮಾರಾಯ್ರೆ" ಎಂದು ವಿಜಯವನ್ನು ಅಂಗೀಕರಿಸಿದರು. ಧಾರವಾಡದವರು ಮಾತ್ರ ಮುಖ ಗಂಟಿಕ್ಕಿ, ಎಲ್ಲಿ ಇಳಿದಿರಿ, ಎಲ್ಲಿ ಗಾಡಿ ಬದಲಿಸಿದಿರಿ, ಮರಳುವ ರೈಲನ್ನು ಎಲ್ಲಿ ಹತ್ತಿದಿರಿ ಎಂದು ವಕೀಲರಂತೆ ಒಂದೊಂದಾಗಿ ಪ್ರಶ್ನೆ ಹಾಕಿ, ಎಲ್ಲದಕ್ಕೂ ಒಂದೇ ಉತ್ತರವನ್ನು ನನ್ನ ಬಾಯಿಂದಲೇ ಹೊರಡಿಸಿ, ಅನಂತರ ಕರಾವಳಿಯವರ ಕಡೆಗೆ ತಿರುಗಿದರು.

"ಕೇಳಿದ್ರಿಲ್ಲೋ? ಇವ್ರು ಇದ್ದದ್ದೆಲ್ಲಾ ದಾದರದಾಗ. ನಿದ್ದಿ ಮಾಡ್ಲಿಕ್ಕೆ ಅಷ್ಟ ಮಾಟುಂಗಾಕ್ಕ ಹೋಗಿದ್ರು!"